ಮನೆಯ ಕೀಲಿಕೈ ಯಾರ ಕೈಯಲ್ಲಿ? ಗಡಿ ಊರಿನ ಹೆಣ್ಣುಮಕ್ಕಳಿಗೆ ಕಾನೂನಿನ ಕಾವಲು

ಜಹೀರಾಬಾದ್: ಹೊಡೆದವನು ಮನೆಯಲ್ಲೇ ಇರುತ್ತಾನೆ, ಹೊಡೆತ ತಿಂದವಳು ಮಕ್ಕಳ ಕೈ ಹಿಡಿದುಕೊಂಡು ಬಸ್ ಸ್ಟ್ಯಾಂಡಿಗೆ ನಡೆಯುತ್ತಾಳೆ. ನಮ್ಮ ಕಡೆಯ ಊರುಗಳಲ್ಲಿ ಇದು ಎಷ್ಟು ರೂಢಿಯಾಗಿದೆ ಎಂದರೆ, ಇದರಲ್ಲಿ ಏನೋ ತಲೆಕೆಳಗಾಗಿದೆ ಎಂದು ಯಾರಿಗೂ ಅನ್ನಿಸುವುದೇ ಇಲ್ಲ. ನಾಲ್ಕು ದಿನ ತವರಿನಲ್ಲಿದ್ದ ಮೇಲೆ ಹಿರಿಯರು ಸೇರಿ ಪಂಚಾಯ್ತಿ ಮಾಡುತ್ತಾರೆ. ‘ಆದದ್ದಾಯಿತು, ಹೊಂದಿಕೊಂಡು ಹೋಗಮ್ಮ’ ಎಂದು ಬುದ್ಧಿ ಹೇಳಿ ಕಳಿಸುತ್ತಾರೆ. ಆಕೆ ವಾಪಸ್ ಬರುವ ಹೊತ್ತಿಗೆ ಬಾಗಿಲಿಗೆ ಹೊಸ ಕೀಲಿ ಬಿದ್ದಿದ್ದರೆ? ಅಲ್ಲಿಗೆ ಅವಳ ಸಂಸಾರ ಮುಗಿಯಿತು ಎಂದೇ ಎಲ್ಲರ ಲೆಕ್ಕ.

ಕಾನೂನಿನ ಲೆಕ್ಕ ಬೇರೆ ಇದೆ. ಆ ಕೀಲಿ ತೆಗೆಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗೆ ಇದೆ. ಅಷ್ಟೇ ಅಲ್ಲ, ಹೊಡೆದವನನ್ನೇ ಮನೆಯಿಂದ ಹೊರಗೆ ಹೋಗು ಎಂದು ಹೇಳುವ ಅಧಿಕಾರವೂ ಇದೆ. ಈ ಮಾತು ಪುಸ್ತಕಕ್ಕೆ ಬಂದು ಎಷ್ಟೋ ವರ್ಷಗಳಾದವು. ಜಹೀರಾಬಾದ್, ನಾರಾಯಣಖೇಡ್, ತಾಂಡೂರಿನ ಹಳ್ಳಿಗಳಿಗೆ ಇನ್ನೂ ಪೂರ್ತಿ ತಲುಪಿಲ್ಲ ಎಂದರೆ ತಪ್ಪಾಗಲಾರದು.

‘ಇದು ನಮ್ಮ ಹದ್ದಿಗೆ ಬರುವುದಿಲ್ಲ’

ಗಡಿಯ ಹೆಣ್ಣುಮಕ್ಕಳಿಗೆ ಬೇರೆ ಕಡೆಯವರಿಗಿಲ್ಲದ ಒಂದು ತೊಡಕಿದೆ. ಜಹೀರಾಬಾದಿನ ಮಗಳನ್ನು ಬೀದರಿಗೆ ಕೊಟ್ಟಿರುತ್ತಾರೆ, ಔರಾದಿನ ಮಗಳನ್ನು ನಾರಾಯಣಖೇಡಿಗೆ ತಂದಿರುತ್ತಾರೆ, ತಾಂಡೂರಿನ ಸೊಸೆಯ ತವರು ಚಿಂಚೋಳಿಯೋ ಸೇಡಮ್ಮೋ ಆಗಿರುತ್ತದೆ. ಬೀಗತನ ಮಾಡುವಾಗ ಯಾರೂ ರಾಜ್ಯದ ನಕಾಶೆ ಬಿಚ್ಚಿ ನೋಡುವುದಿಲ್ಲ. ನೋಡುವ ಕಾರಣವೂ ಹಿಂದೆ ಇರಲಿಲ್ಲ. 1956ರ ನವೆಂಬರ್ 1ರವರೆಗೆ ಜಹೀರಾಬಾದ್ ಮತ್ತು ನಾರಾಯಣಖೇಡ್ ಬೀದರ್ ಜಿಲ್ಲೆಯ ತಾಲೂಕುಗಳು, ತಾಂಡೂರು ಗುಲ್ಬರ್ಗಾ ಜಿಲ್ಲೆಯ ತಾಲೂಕು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಇವು ಆಂಧ್ರಪ್ರದೇಶಕ್ಕೆ ಹೋದವು. 2014ರಲ್ಲಿ ತೆಲಂಗಾಣ ಆಯಿತು. 2016ರ ಅಕ್ಟೋಬರ್‌ನಲ್ಲಿ ಹೊಸ ಜಿಲ್ಲೆಗಳಾದಾಗ ಜಹೀರಾಬಾದ್, ನಾರಾಯಣಖೇಡ್ ಸಂಗಾರೆಡ್ಡಿಗೆ, ತಾಂಡೂರು ವಿಕಾರಾಬಾದಿಗೆ ಸೇರಿದವು. ಕಚೇರಿಯ ಬೋರ್ಡುಗಳು ಬದಲಾದವು, ನೆಂಟಸ್ತನ ಬದಲಾಗಲಿಲ್ಲ.

ತೊಡಕು ಶುರುವಾಗುವುದು ಜಗಳ ಠಾಣೆಯ ಮೆಟ್ಟಿಲು ಹತ್ತಿದಾಗ. ಬೀದರ್ ಕಡೆಯ ಗಂಡನ ಮನೆಯಲ್ಲಿ ಹೊಡೆತ ತಿಂದು ಜಹೀರಾಬಾದಿನ ತವರಿಗೆ ಬಂದವಳಿಗೆ ಇಲ್ಲಿಯ ಠಾಣೆಯಲ್ಲಿ ಸಿಗುವ ಉತ್ತರ, ‘ಘಟನೆ ನಡೆದದ್ದು ಕರ್ನಾಟಕದಲ್ಲಿ, ಇದು ನಮ್ಮ ಹದ್ದಿಗೆ ಬರುವುದಿಲ್ಲ’ ಎಂಬುದು. ಸುಮಾರು 30 ಕಿಲೋಮೀಟರ್ ದೂರದ ಬೀದರಿಗೆ ಹೋಗಿ ದೂರು ಕೊಡಬೇಕೆಂದರೆ ಜೊತೆಗೆ ಬರುವವರು ಬೇಕು, ಬಸ್ಸಿನ ಖರ್ಚು ಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಹೊಡೆದವನ ಊರಿಗೇ ಮತ್ತೆ ಕಾಲಿಡುವ ಧೈರ್ಯ ಬೇಕು. ಅಲ್ಲಿಗೆ ಬಹಳ ಜನ ಸುಮ್ಮನಾಗಿಬಿಡುತ್ತಾರೆ.

ಸುಮ್ಮನಾಗಬೇಕಿಲ್ಲ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರಲ್ಲಿ ಪಾಸಾಗಿ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ತೆಲುಗಿನವರು ಗೃಹ ಹಿಂಸ ಚಟ್ಟಂ ಎನ್ನುವುದು ಇದನ್ನೇ. ಇದರ 27ನೇ ಕಲಮು ಗಡಿಯ ಜನರಿಗಾಗಿಯೇ ಬರೆದಂತಿದೆ. ನೊಂದ ಮಹಿಳೆ ಕಾಯಂ ಆಗಿ ಇರುವ ಊರು, ತಾತ್ಕಾಲಿಕವಾಗಿ ಬಂದು ತಂಗಿರುವ ಊರು, ಕೆಲಸ ಮಾಡುವ ಊರು, ಎದುರುದಾರ ಇರುವ ಊರು, ಘಟನೆ ನಡೆದ ಊರು, ಇವುಗಳಲ್ಲಿ ಯಾವುದರ ಮ್ಯಾಜಿಸ್ಟ್ರೇಟ್ ಕೋರ್ಟಿಗಾದರೂ ಅರ್ಜಿ ಕೊಡಬಹುದು. ತವರಿಗೆ ಬಂದು ಕುಳಿತವಳಿಗೆ ತವರಿನ ಕೋರ್ಟೇ ಸಾಕು. ಅದೇ ಕಲಮಿನ ಎರಡನೆಯ ಸಾಲು ಇನ್ನೂ ಮುಖ್ಯ: ಹೀಗೆ ಸಿಕ್ಕ ಆದೇಶ ಇಡೀ ದೇಶದಲ್ಲಿ ನಡೆಯುತ್ತದೆ. ಜಹೀರಾಬಾದಿನ ಕೋರ್ಟು ಕೊಟ್ಟ ಕಾಗದ ಬೀದರಿನಲ್ಲೂ ಆದೇಶವೇ, ಚಿಂಚೋಳಿಯ ಕೋರ್ಟು ಕೊಟ್ಟದ್ದು ತಾಂಡೂರಿನಲ್ಲೂ ಆದೇಶವೇ.

ಪೊಲೀಸ್ ದೂರಿನ ಮಾತೂ ಈಗ ಹಾಗೇ ಇದೆ. ಗಂಡನ ಮನೆಯ ಕ್ರೌರ್ಯದ ಬಗ್ಗೆ ಹೆಣ್ಣುಮಗಳು ತಾನು ಆಸರೆ ಪಡೆದ ಊರಿನಲ್ಲೇ ಕೇಸು ಹಾಕಬಹುದು ಎಂದು ಸುಪ್ರೀಂ ಕೋರ್ಟ್ 2019ರ ಏಪ್ರಿಲ್ 9ರಂದು ಹೇಳಿತು. ಮೈಮೇಲಿನ ಗಾಯ ಗಂಡನ ಮನೆಯಲ್ಲಿ ಆದದ್ದಿರಬಹುದು, ಮನಸ್ಸಿನ ಸಂಕಟ ತವರಿನಲ್ಲೂ ಮುಂದುವರಿಯುತ್ತದೆ ಎಂಬುದು ಅದರ ತರ್ಕ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ, ಗಂಭೀರ ಅಪರಾಧದ ಮಾಹಿತಿಯನ್ನು ಹದ್ದು ನೋಡದೆ ಯಾವ ಠಾಣೆಯವರೂ ಬರೆದುಕೊಳ್ಳಬೇಕು, ಆಮೇಲೆ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಜನ ಇದನ್ನು ಜೀರೋ ಎಫ್‌ಐಆರ್ ಎನ್ನುತ್ತಾರೆ. ‘ನಮ್ಮ ಹದ್ದಲ್ಲ’ ಎಂಬ ಮಾತು ಇನ್ನು ಮುಂದೆ ನೆಪವೇ ಹೊರತು ಕಾನೂನಲ್ಲ.

ಮಾಲೀಕತ್ವ ಬೇರೆ, ವಾಸದ ಹಕ್ಕು ಬೇರೆ

ಈ ಕಾಯ್ದೆಯ ಜೀವ ಇರುವುದು 17 ಮತ್ತು 19ನೇ ಕಲಮುಗಳಲ್ಲಿ. ಗಂಡ ಹೆಂಡತಿ ಒಟ್ಟಿಗೆ ಬಾಳಿದ ಮನೆಯಲ್ಲಿ ವಾಸ ಮಾಡುವ ಹಕ್ಕು ಹೆಂಡತಿಗೆ ಇದೆ, ಮನೆಯ ಕಾಗದ ಯಾರ ಹೆಸರಿನಲ್ಲಾದರೂ ಇರಲಿ ಎಂದು 17ನೇ ಕಲಮು ಹೇಳುತ್ತದೆ. ಕಾನೂನು ರೀತಿಯ ಕ್ರಮವಿಲ್ಲದೆ ಆಕೆಯನ್ನು ಹೊರಗೆ ಹಾಕುವಂತಿಲ್ಲ. ಇದು ಹೆಂಡತಿಗೆ ಮಾತ್ರ ಅಲ್ಲ. ಒಂದೇ ಮನೆಯಲ್ಲಿ ಬಾಳಿದ ತಾಯಿ, ಅಕ್ಕ ತಂಗಿ, ವಿಧವೆ ಸೊಸೆ, ಇವರೂ ಈ ಕಾಯ್ದೆಯ ಆಸರೆ ಕೇಳಬಹುದು. ಕುಡಿದು ಬಂದು ತಾಯಿಯನ್ನು ಹೊಡೆಯುವ ಮಗನ ಮೇಲೂ ಇದು ನಡೆಯುತ್ತದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ.

19ನೇ ಕಲಮಿನ ಆದೇಶಕ್ಕೆ ವಾಸದ ಆದೇಶ ಎನ್ನುತ್ತಾರೆ. ಇದರಲ್ಲಿ ಮ್ಯಾಜಿಸ್ಟ್ರೇಟ್ ಏನೇನು ಹೇಳಬಹುದು? ಆಕೆಯನ್ನು ಮನೆಯಿಂದ ಹೊರಗೆ ಹಾಕಬೇಡ ಎನ್ನಬಹುದು. ಹೊಡೆದವನೇ ಮನೆ ಬಿಡಬೇಕು ಎನ್ನಬಹುದು, ಆದರೆ ಹೀಗೆ ಮನೆ ಬಿಡಿಸುವ ಆದೇಶವನ್ನು ಹೆಂಗಸಿನ ಮೇಲೆ, ಅಂದರೆ ಅತ್ತೆ ನಾದಿನಿಯರ ಮೇಲೆ ಕೊಡಲು ಬರುವುದಿಲ್ಲ. ಮನೆಯ ಇಂಥ ಭಾಗಕ್ಕೆ, ಆಕೆ ಮಲಗುವ ಕೋಣೆಗೆ, ಅವನಾಗಲಿ ಅವನ ಕಡೆಯವರಾಗಲಿ ಕಾಲಿಡಬಾರದು ಎನ್ನಬಹುದು. ಮನೆ ಮಾರಬಾರದು, ಒತ್ತೆ ಇಡಬಾರದು ಎನ್ನಬಹುದು. ಕೂಡಿ ಇರುವುದು ಅಪಾಯ ಎನ್ನಿಸಿದರೆ ಅದೇ ಮಟ್ಟದ ಬೇರೆ ಮನೆ ಮಾಡಿಕೊಡು, ಇಲ್ಲ ಬಾಡಿಗೆ ಕೊಡು ಎನ್ನಬಹುದು. ಆಕೆಯ ಮತ್ತು ಮಕ್ಕಳ ಸುರಕ್ಷತೆಗೆ ಬೇಕಾದ ಬೇರೆ ಯಾವುದೇ ಶರತ್ತು ಹಾಕುವ ಅವಕಾಶವೂ ಅದೇ ಕಲಮಿನಲ್ಲಿದೆ. ಹಳೆಯ ಕೀಲಿ ತೆಗೆದು ಹೊಸದು ಹಾಕಿಸುವುದು, ಕೀಲಿಕೈ ಆಕೆಯ ಕೈಗೆ ಕೊಡಿಸುವುದು, ಇಂಥ ಸಣ್ಣ ಆದರೆ ಪ್ರಾಣ ಉಳಿಸುವ ಸಂಗತಿಗಳನ್ನು ಕೇಳಬೇಕಾದದ್ದು ಇಲ್ಲೇ. ಕೇಳದಿದ್ದರೆ ಕೋರ್ಟು ತಾನಾಗಿ ಊಹಿಸಿ ಕೊಡುವುದಿಲ್ಲ.

ಆದೇಶ ಕಾಗದದಲ್ಲೇ ಉಳಿಯಬಾರದಲ್ಲ. ಅದಕ್ಕೆ ಹತ್ತಿರದ ಠಾಣೆಯ ಅಧಿಕಾರಿಗೆ ಆಕೆಗೆ ರಕ್ಷಣೆ ಕೊಡು, ಆದೇಶ ಜಾರಿಗೆ ನೆರವಾಗು ಎಂದು ಮ್ಯಾಜಿಸ್ಟ್ರೇಟ್ ನೇರವಾಗಿ ಬರೆಯಬಹುದು. 2006ರ ನಿಯಮಗಳ ಪ್ರಕಾರ, ಕೋರ್ಟು ಹೇಳಿದರೆ ಸಂರಕ್ಷಣಾಧಿಕಾರಿ ಮನೆಗೆ ಹೋಗಿ ನೋಡಬೇಕು, ಮನೆಯ ಸ್ವಾಧೀನ ಆಕೆಗೆ ಮರಳಿ ಕೊಡಿಸಬೇಕು, ಆಕೆಯ ಒಡವೆ ಸಾಮಾನು ಬಿಡಿಸಿಕೊಡಬೇಕು, ಹೊಡೆಯಲು ಬಳಸಿದ ಆಯುಧ ಇದ್ದರೆ ಪೊಲೀಸರ ನೆರವಿನಿಂದ ವಶಪಡಿಸಿಕೊಳ್ಳಬೇಕು. ಹಿಂಸೆ ನಿಲ್ಲಿಸು, ಹತ್ತಿರ ಬರಬೇಡ ಎನ್ನುವ ಸಂರಕ್ಷಣಾ ಆದೇಶವನ್ನು 18ನೇ ಕಲಮಿನಡಿ ಜೊತೆಯಲ್ಲೇ ಕೇಳಬಹುದು. ಅದನ್ನು ಮುರಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದು, ಠಾಣೆಯಲ್ಲಿ ಜಾಮೀನು ಸಿಗುವುದಿಲ್ಲ. ಆದೇಶ ಮುರಿದದ್ದಕ್ಕೆ ಆಕೆಯೊಬ್ಬಳ ಸಾಕ್ಷಿಯೇ ಸಾಕು ಎಂದು ಕೋರ್ಟು ತೀರ್ಮಾನಿಸಬಹುದು. ನಾಲ್ಕು ಗೋಡೆಯೊಳಗೆ ನಡೆಯುವುದಕ್ಕೆ ಬೇರೆ ಸಾಕ್ಷಿ ಎಲ್ಲಿಂದ ಬರಬೇಕು?

ಮನೆ ಅತ್ತೆಯ ಹೆಸರಿನಲ್ಲಿದ್ದರೆ?

ಹಳ್ಳಿಯಲ್ಲಿ ಮೊದಲು ಏಳುವ ಪ್ರಶ್ನೆ ಇದೇ. ನಮ್ಮ ಕಡೆ ಮನೆ ಮಗನ ಹೆಸರಿಗೆ ಬರುವುದು ತಂದೆ ತೀರಿದ ಮೇಲೆ. ಅಲ್ಲಿಯವರೆಗೆ ಪಂಚಾಯ್ತಿ ದಾಖಲೆಯಲ್ಲಿ ಇರುವುದು ಮಾವನ ಇಲ್ಲವೇ ಅತ್ತೆಯ ಹೆಸರು. ‘ಮನೆ ನನ್ನದು, ಮಗನದಲ್ಲ, ಹೊರಡು’ ಎಂದು ಅತ್ತೆ ಅಂದರೆ ಸೊಸೆ ಏನು ಮಾಡಬೇಕು?

ಕಾಯ್ದೆ ಜಾರಿಗೆ ಬಂದು ಎರಡು ತಿಂಗಳೂ ಆಗಿರಲಿಲ್ಲ, 2006ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್ ಈ ಪ್ರಶ್ನೆಗೆ ಸೊಸೆಯಂದಿರ ವಿರುದ್ಧವಾಗಿ ಉತ್ತರ ಕೊಟ್ಟಿತು. ದೆಹಲಿಯ ಪ್ರಕರಣ ಅದು. ಗಂಡನ ಸ್ವಂತದ, ಗಂಡ ಬಾಡಿಗೆಗೆ ಹಿಡಿದ, ಇಲ್ಲವೇ ಗಂಡನಿಗೆ ಪಾಲಿರುವ ಅವಿಭಕ್ತ ಕುಟುಂಬದ ಮನೆಯಲ್ಲಿ ಮಾತ್ರ ಹೆಂಡತಿಗೆ ವಾಸದ ಹಕ್ಕು, ಅತ್ತೆಯ ಮನೆಯಲ್ಲಿ ಅಲ್ಲ ಎಂದು ಹೇಳಿಬಿಟ್ಟಿತು. ಕಾಯ್ದೆಯ ಒಂದು ಕೈ ಅಲ್ಲಿಗೇ ಮುರಿದ ಹಾಗಾಯಿತು. ಆ ತೀರ್ಪನ್ನು ತೋರಿಸಿ ಮುಂದಿನ 14 ವರ್ಷ ಎಷ್ಟೋ ಸೊಸೆಯಂದಿರನ್ನು ಹೊರಗೆ ಕಳಿಸಿದರು.

2020ರ ಅಕ್ಟೋಬರ್ 15ರಂದು ಅದು ಸರಿಯಾಯಿತು. ನ್ಯಾಯಮೂರ್ತಿ ಅಶೋಕ್ ಭೂಷಣ್, ಆರ್. ಸುಭಾಷ್ ರೆಡ್ಡಿ, ಎಂ.ಆರ್. ಶಾ ಅವರಿದ್ದ ಮೂವರ ಪೀಠ ಹಳೆಯ ತೀರ್ಪು ಕಾನೂನನ್ನು ಸರಿಯಾಗಿ ಓದಿರಲಿಲ್ಲ ಎಂದಿತು. ಮನೆ ಮಾವನ ಹೆಸರಿನಲ್ಲಿರಲಿ, ಅತ್ತೆಯ ಹೆಸರಿನಲ್ಲಿರಲಿ, ಸೊಸೆ ಅಲ್ಲಿ ಸಂಸಾರ ಮಾಡಿದ್ದರೆ, ಅದು ನಾಲ್ಕು ದಿನ ಉಳಿದು ಹೋದದ್ದಲ್ಲ, ನೆಲೆಯಾಗಿ ಬಾಳಿದ್ದು ಎಂದು ಕಂಡರೆ, ಅದು ಒಟ್ಟಿಗೆ ಬಾಳಿದ ಮನೆಯೇ. ಹಾಗೆಂದು ಮುದಿ ಅತ್ತೆ ಮಾವಂದಿರನ್ನು ಕೋರ್ಟು ಮರೆಯಲಿಲ್ಲ. ಸೊಸೆಯ ಹಕ್ಕು ಯಾವ ಕಾಲಕ್ಕೂ ಅಲುಗದ್ದು ಎಂದೇನೂ ಅಲ್ಲ, ಮುಪ್ಪಿನವರಿಗೂ ನೆಮ್ಮದಿಯಿಂದ ಬದುಕುವ ಹಕ್ಕಿದೆ, ಇಬ್ಬರದೂ ತೂಗಿ ನೋಡಬೇಕು ಎಂದಿತು. ಅಂದರೆ ಮಾವ ಕೋರ್ಟಿನ ದಾರಿ ಹಿಡಿಯಬಹುದು, ಸೊಸೆಯ ಟ್ರಂಕು ಬೀದಿಗೆ ಎಸೆಯುವಂತಿಲ್ಲ.

ಇದಾದ ಎರಡು ತಿಂಗಳಿಗೆ, 2020ರ ಡಿಸೆಂಬರ್ 15ರಂದು, ಅಂದರೆ ಹಳೆಯ ತೀರ್ಪು ಬಂದು ಸರಿಯಾಗಿ 14 ವರ್ಷ ತುಂಬಿದ ದಿನ, ನಮ್ಮ ಬೆಂಗಳೂರಿನ ಒಂದು ಪ್ರಕರಣ ತೀರ್ಮಾನವಾಯಿತು. ಗಡಿಯ ಓದುಗರು ಇದನ್ನು ಸ್ವಲ್ಪ ಗಮನ ಕೊಟ್ಟು ಓದಬೇಕು, ಯಾಕೆಂದರೆ ಇಂಥ ಹಂಚಿಕೆ ಹಳ್ಳಿಯಲ್ಲೂ ನಡೆಯುತ್ತದೆ. ಮದುವೆಯಾದ ಕೆಲ ತಿಂಗಳಿಗೆ, 2002ರಲ್ಲಿ, ಗಂಡ ಆಸ್ತಿ ಕೊಂಡ. 2006ರಲ್ಲಿ ಅದನ್ನು ತನ್ನ ತಂದೆಗೆ ಮಾರಿದ. 2009ರಲ್ಲಿ ವಿಚ್ಛೇದನದ ಅರ್ಜಿ ಹಾಕಿದ. 2010ರಲ್ಲಿ ತಂದೆ ಅದೇ ಮನೆಯನ್ನು ತನ್ನ ಹೆಂಡತಿಗೆ ದಾನಪತ್ರ ಮಾಡಿಕೊಟ್ಟ. ಆಮೇಲೆ ಅತ್ತೆ ಮಾವ ಇಬ್ಬರೂ 2007ರ ಹಿರಿಯ ನಾಗರಿಕರ ಕಾಯ್ದೆ ಹಿಡಿದುಕೊಂಡು ಹೋಗಿ, ಸೊಸೆಯನ್ನು ಖಾಲಿ ಮಾಡಿಸಿ ಎಂದು ಕೇಳಿದರು. ಉಪವಿಭಾಗಾಧಿಕಾರಿ ಒಪ್ಪಿದರು, ಜಿಲ್ಲಾಧಿಕಾರಿ ಒಪ್ಪಿದರು, ಕರ್ನಾಟಕ ಹೈಕೋರ್ಟ್ ಕೂಡ ಒಪ್ಪಿತು. ಆಕೆ ಹಿಂಜರಿಯದೆ ಸುಪ್ರೀಂ ಕೋರ್ಟಿಗೆ ಹೋದಳು. ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ಪೀಠ ಆ ಆದೇಶ ರದ್ದು ಮಾಡಿತು. ಮುಪ್ಪಿನವರ ರಕ್ಷಣೆಗೆ ಬಂದ ಕಾಯ್ದೆಯನ್ನು ಹೆಣ್ಣುಮಗಳ ವಾಸದ ಹಕ್ಕು ಅಳಿಸಲು ಬಳಸುವಂತಿಲ್ಲ ಎಂದಿತು. ಆಕೆ ತನ್ನ ಹಕ್ಕಿಗಾಗಿ ಅರ್ಜಿ ಹಾಕಿಕೊಳ್ಳಲಿ, ಒಂದು ವರ್ಷ ಯಾರೂ ಬಲವಂತದಿಂದ ಹೊರಗೆ ಹಾಕಬೇಡಿ ಎಂದು ತಡೆ ಕೊಟ್ಟಿತು.

ಮತ್ತೊಂದು ಹೆಜ್ಜೆ 2022ರ ಮೇ 12ರಂದು. ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ಬರೆದ ತೀರ್ಪು ಅದು. ಅರ್ಜಿ ಹಾಕುವ ದಿನ ಆಕೆ ಆ ಮನೆಯಲ್ಲಿ ಇರಲೇಬೇಕೆಂದಿಲ್ಲ, ಹಿಂದೆ ಬಾಳಿದ್ದರೂ, ಬಾಳುವ ಹಕ್ಕಿದ್ದೂ ಬಿಟ್ಟುಕೊಳ್ಳದೆ ಹೋಗಿದ್ದರೂ ಹಕ್ಕು ಉಳಿದಿರುತ್ತದೆ. ಅದು ಗಂಡ ಸತ್ತ ಮೇಲೆ ಅತ್ತೆಮನೆಯಿಂದ ಹೊರಬಿದ್ದ ವಿಧವೆಯ ಪ್ರಕರಣ. ಸಂರಕ್ಷಣಾಧಿಕಾರಿಯ ವರದಿ ಇಲ್ಲದಿದ್ದರೂ ಮ್ಯಾಜಿಸ್ಟ್ರೇಟ್ ಆದೇಶ ಕೊಡಬಹುದು ಎಂದೂ ಅದರಲ್ಲೇ ಹೇಳಿದೆ. ‘ಮನೆ ಬಿಟ್ಟು ಬಂದು ಎರಡು ವರ್ಷ ಆಯಿತು, ಇನ್ನೇನು ಕೇಳುವುದು’ ಎಂದು ಕುಳಿತವರಿಗೆ ಇದು ಉತ್ತರ.

ಮನೆಯ ಕಾಗದವೇ ಆಕೆಯ ಹೆಸರಿನಲ್ಲಿದ್ದರೆ ಈ ವಾದಗಳೇ ಬೇಕಿಲ್ಲ. ತೆಲಂಗಾಣದಲ್ಲಿ 2024ರ ಮಾರ್ಚ್‌ನಲ್ಲಿ ಶುರುವಾದ ಇಂದಿರಮ್ಮ ಮನೆಗಳನ್ನು ಮನೆಯ ಹೆಣ್ಣುಮಗಳ ಹೆಸರಿನಲ್ಲಿ ಕೊಡುವ ಪದ್ಧತಿ ಇದೆ. ಆ ಮಂಜೂರಾತಿ ಪತ್ರವನ್ನು ಗಂಡನ ಪೆಟ್ಟಿಗೆಯಲ್ಲಿ ಇಟ್ಟು ಮರೆಯುವುದು ಜಾಣತನವಲ್ಲ.

ಅರ್ಜಿ ಎಲ್ಲಿ, ಯಾರ ಕೈಗೆ

ಜಹೀರಾಬಾದ್, ನಾರಾಯಣಖೇಡ್, ತಾಂಡೂರು ಮೂರೂ ಕಡೆ ಮ್ಯಾಜಿಸ್ಟ್ರೇಟ್ ಕೋರ್ಟು ಇದೆ. ಅರ್ಜಿಗೆ ಕೋರ್ಟ್ ಫೀ ಇಲ್ಲ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಹೇಳುತ್ತದೆ. ಕೋರ್ಟಿನ ಆವರಣದಲ್ಲೇ ಕೇಳಬಹುದು, 15100ಕ್ಕೆ ಫೋನ್ ಮಾಡಿಯೂ ಕೇಳಬಹುದು. ಕೋರ್ಟಿಗೆ ನೇರ ಹೋಗಲು ಹೆದರುವವರು ಸಂರಕ್ಷಣಾಧಿಕಾರಿಗೆ ಹೇಳಿದರೆ ಅವರೇ ಘಟನಾ ವರದಿ ಬರೆದು ಕೋರ್ಟಿಗೆ ಕಳಿಸಬೇಕು. ತೆಲಂಗಾಣದಲ್ಲಿ ಇವರು ಜಿಲ್ಲೆಯ ಮಹಿಳಾ ಮತ್ತು ಶಿಶು ಸಂಕ್ಷೇಮ ಇಲಾಖೆಯಲ್ಲಿ ಸಿಗುತ್ತಾರೆ. ಕರ್ನಾಟಕದಲ್ಲಿ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೇ, ಜನ ಸಿಡಿಪಿಒ ಎನ್ನುವವರಿಗೇ, ಈ ಹೊಣೆ ಇದೆ. ಗಡಿಯ ಮಟ್ಟಿಗೆ ಕರ್ನಾಟಕದ ಏರ್ಪಾಡು ಹಳ್ಳಿಗೆ ಹತ್ತಿರ. ನಾರಾಯಣಖೇಡಿನ ತಾಂಡಾದಿಂದ ಸಂಗಾರೆಡ್ಡಿಗೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋದಂತೆ. ಸುಪ್ರೀಂ ಕೋರ್ಟ್ 2025ರ ಮೇ 20ರಂದು ಎಲ್ಲ ರಾಜ್ಯಗಳಿಗೆ ಜಿಲ್ಲೆಯಲ್ಲೂ ತಾಲೂಕಿನಲ್ಲೂ ಸಂರಕ್ಷಣಾಧಿಕಾರಿಗಳನ್ನು ಹೆಸರಿಸಿ ಎಂದು ಆರು ವಾರಗಳ ಗಡುವು ಹಾಕಿದ್ದು ಇಂಥ ಕೊರತೆಯಿಂದಲೇ. ಕಾಯ್ದೆ ಬಂದು 18 ವರ್ಷ ಕಳೆದ ಮೇಲೂ ಹೀಗೆ ಹೇಳಬೇಕಾಯಿತು.

ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ, ಅರ್ಜಿಯ ತೀರ್ಮಾನ 60 ದಿನದೊಳಗೆ ಎಂದು ಕಾಯ್ದೆ ಹೇಳುತ್ತದೆ. ನಡೆಯುವುದು ಬೇರೆ, ಕೋರ್ಟು ಕಂಡವರಿಗೆಲ್ಲ ಗೊತ್ತು. ಆದ್ದರಿಂದ 23ನೇ ಕಲಮಿನ ಮಧ್ಯಂತರ ಆದೇಶವನ್ನು ಅರ್ಜಿಯ ಜೊತೆಗೇ ಕೇಳುವುದು ಒಳ್ಳೆಯದು. ಅಪಾಯ ಕಣ್ಣಮುಂದೆ ಇದ್ದರೆ ಎದುರುದಾರ ಬರುವ ಮುಂಚೆಯೇ, ಆಕೆಯ ಪ್ರಮಾಣಪತ್ರದ ಮೇಲೆಯೇ ಮ್ಯಾಜಿಸ್ಟ್ರೇಟ್ ಆದೇಶ ಕೊಡಬಹುದು.

ಗಡಿಯವರಿಗೆ ಇನ್ನೊಂದು ಮಾತು. ಆದೇಶದ ಪ್ರತಿ ಉಚಿತವಾಗಿ ಕೊಡಬೇಕು, ಠಾಣೆಗೂ ಕಳಿಸಬೇಕು. ಮನೆ ಆಚೆಯ ರಾಜ್ಯದಲ್ಲಿದ್ದರೆ ಆಚೆಯ ಠಾಣೆಯ ಹೆಸರನ್ನು ಆದೇಶದಲ್ಲೇ ಬರೆಸುವಂತೆ ವಕೀಲರಿಗೆ ಹೇಳಬೇಕು. ಒಂದು ಮೊಹರಿನ ಪ್ರತಿ ಸದಾ ಕೈಯಲ್ಲಿರಲಿ. ತೆಲುಗಿನಲ್ಲಿ ಬರೆದ ಕಾಗದ ಹಿಡಿದು ಬೀದರಿನ ಠಾಣೆಗೆ ಹೋದರೆ ಓದುವವರಿಗಾಗಿ ಕಾಯಬೇಕಾದೀತು. ಕನ್ನಡದ ಅನುವಾದ ಒಂದನ್ನು ಮಾಡಿಸಿ ಜೊತೆಗಿಟ್ಟರೆ ಅರ್ಧ ದಿನ ಉಳಿಯುತ್ತದೆ. ಎರಡು ಭಾಷೆ ಬಲ್ಲವರಿಗೆ ನಮ್ಮ ಊರುಗಳಲ್ಲಿ ಬರವಿಲ್ಲ, ಆ ವಿದ್ಯೆ ಇಂಥದ್ದಕ್ಕೂ ಬರಲಿ.

ಕೋರ್ಟು ತೆರೆಯುವುದು ಬೆಳಿಗ್ಗೆ, ಹೊಡೆತ ಬೀಳುವುದು ರಾತ್ರಿ

ಹೊರದೇಶಗಳಲ್ಲಿ ಈ ರಾತ್ರಿಯ ಪ್ರಶ್ನೆಗೆ ಬೇರೆ ಬೇರೆ ಉತ್ತರ ಹುಡುಕಿದ್ದಾರೆ. ಆಸ್ಟ್ರಿಯಾದಲ್ಲಿ 1997ರ ಮೇ 1ರಿಂದ ಪೊಲೀಸರೇ ಸ್ಥಳದಲ್ಲಿ ಹೊಡೆದವನನ್ನು ಮನೆಯಿಂದ ಹೊರಗೆ ಕಳಿಸಬಹುದು. ಮೊದಲು 7 ದಿನ ಇತ್ತು, ಈಗ ಎರಡು ವಾರ. ಬ್ರಿಟನ್ನಿನಲ್ಲಿ 2002ರಲ್ಲಿ ಲಂಡನ್ನಿನ ಬಾರ್ನೆಟ್ ಎಂಬಲ್ಲಿ ಒಂದು ಯೋಜನೆ ಶುರುವಾಯಿತು. ಆಕೆ ಮನೆ ಬಿಡುವ ಬದಲು ಮನೆಯನ್ನೇ ಗಟ್ಟಿ ಮಾಡುವುದು, ಅಂದರೆ ಕೀಲಿ ಬದಲಿಸುವುದು, ಬಾಗಿಲು ಕಿಟಕಿ ಬಲಪಡಿಸುವುದು, ಅಲಾರಂ ಹಾಕುವುದು. ಹೊಡೆಯುವವನು ಮನೆಯಲ್ಲಿ ಇಲ್ಲದಿದ್ದರೆ ಮಾತ್ರ ಇದು ಉಪಯೋಗ ಎಂಬುದನ್ನು ಅವರೂ ಒಪ್ಪುತ್ತಾರೆ. ಒಳಗೇ ಇರುವವನಿಗೆ ಅಗಳಿ ಹಾಕಿ ಏನು ಬಂತು?

ನಮ್ಮಲ್ಲಿ ರಾತ್ರೋರಾತ್ರಿ ಮನೆ ಬಿಡಿಸುವ ಅಧಿಕಾರ ಪೊಲೀಸರಿಗಿಲ್ಲ, ಮ್ಯಾಜಿಸ್ಟ್ರೇಟರಿಗಿದೆ. ಆದರೆ ತುರ್ತು ಕರೆ ಬಂದರೆ ಸಂರಕ್ಷಣಾಧಿಕಾರಿ ಪೊಲೀಸರ ಜೊತೆ ಸ್ಥಳಕ್ಕೆ ಹೋಗಬೇಕೆಂದು ನಿಯಮ ಇದೆ. ಆಕೆಯ ಜೊತೆ ಕುಳಿತು ಸುರಕ್ಷಾ ಯೋಜನೆ ಬರೆಯಬೇಕೆಂದೂ ಇದೆ, ಅದಕ್ಕೆ ಐದನೆಯ ನಮೂನೆ ಎಂಬ ಫಾರಂ ಕೂಡ ಇದೆ. ಅವನು ಏನೇನು ಮಾಡಿದ್ದಾನೆ, ಮುಂದೆ ಏನು ಮಾಡಬಹುದೆಂಬ ಭಯ ಇದೆ, ಅದಕ್ಕೆ ಏನು ಮಾಡಬೇಕು ಎಂದು ಸಾಲುಸಾಲಾಗಿ ತುಂಬುವ ಫಾರಂ. ಇದನ್ನು ಕೇಳಿ ತುಂಬಿಸಿಕೊಳ್ಳುವವರು ಕಡಿಮೆ.

ಫಾರಂ ಇಲ್ಲದೆಯೂ ಯೋಜನೆ ಮಾಡಬಹುದು. ಜಗಳ ಏರುವ ಹೊತ್ತಿಗೆ ಅಡುಗೆಮನೆಯಲ್ಲಿ ನಿಲ್ಲಬಾರದು. ಈಳಿಗೆ, ಚಾಕು, ಗ್ಯಾಸು, ಬೆಂಕಿ ಎಲ್ಲ ಅಲ್ಲೇ ಇವೆ, ಹಳ್ಳಿ ಮನೆಯ ಅಡುಗೆಕೋಣೆಗೆ ಎರಡನೆಯ ಬಾಗಿಲೂ ಇರುವುದು ಕಡಿಮೆ. ಹೊರಬಾಗಿಲಿನ ಹತ್ತಿರ ಸರಿಯಬೇಕು. ಮಕ್ಕಳಿಗೆ ನಡುವೆ ಬಿಡಿಸಲು ಬರಬೇಡಿ, ಇಂಥವರ ಮನೆಗೆ ಓಡಿ ಎಂದು ಮೊದಲೇ ಹೇಳಿಕೊಟ್ಟಿರಬೇಕು. ಪಕ್ಕದ ಮನೆಯವರ ಜೊತೆ ಒಂದು ಗುರುತು ಇಟ್ಟುಕೊಳ್ಳಬಹುದು, ಮಗು ಬಂದು ಇಂಥ ಸಾಮಾನು ಕೇಳಿದರೆ 112ಕ್ಕೆ ಫೋನ್ ಮಾಡಿ ಎಂಬಂಥದ್ದು. ಆಧಾರ್, ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್, ಮದುವೆಯ ಫೋಟೋ, ಮಕ್ಕಳ ಶಾಲೆಯ ಕಾಗದ, ಇವುಗಳ ಜೆರಾಕ್ಸ್ ನಂಬಿಕೆಯವರ ಮನೆಯಲ್ಲಿರಲಿ. ಗಾಯವಾದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ ‘ಜಾರಿ ಬಿದ್ದೆ’ ಎನ್ನದೆ ಇದ್ದದ್ದು ಹೇಳಿ ಚೀಟಿ ಬರೆಸಿಕೊಳ್ಳಬೇಕು. ಮನೆ ಬಿಡುತ್ತೇನೆ, ಕೇಸು ಹಾಕುತ್ತೇನೆ ಎಂದು ಜಗಳದ ನಡುವೆ ಹೇಳುವುದು ಅಪಾಯ. ತನ್ನ ಹಿಡಿತ ತಪ್ಪುತ್ತಿದೆ ಎಂದು ತಿಳಿದ ಗಳಿಗೆಯಲ್ಲೇ ಇಂಥವರು ಹೆಚ್ಚು ಕ್ರೂರವಾಗುತ್ತಾರೆ. ಹೇಳುವುದು ಆದೇಶ ಕೈಗೆ ಬಂದ ಮೇಲೆ, ಸುರಕ್ಷಿತ ಜಾಗದಲ್ಲಿದ್ದಾಗ.

ಫೋನಿನ ವಿಷಯ. 112 ಪೊಲೀಸರಿಗೆ, 181 ಮಹಿಳಾ ಸಹಾಯವಾಣಿಗೆ. ಸ್ಮಾರ್ಟ್ ಫೋನಿನಲ್ಲಿ ಪವರ್ ಬಟನ್ ಬೇಗಬೇಗ ಮೂರು ಸಲ ಒತ್ತಿದರೆ, ಸಾದಾ ಫೋನಿನಲ್ಲಿ 5 ಅಥವಾ 9 ಒತ್ತಿ ಹಿಡಿದರೆ ತುರ್ತು ಕರೆ ಹೋಗುವ ಏರ್ಪಾಡು ಇದೆ. ಗಡಿಯಲ್ಲಿ ಫೋನು ಕೆಲವೊಮ್ಮೆ ಆಚೆಯ ರಾಜ್ಯದ ಟವರ್ ಹಿಡಿದಿರುತ್ತದೆ. ಅದಕ್ಕೆ ಕರೆ ಎತ್ತಿದ ಕೂಡಲೇ ಮೊದಲು ಊರು, ಮಂಡಲ ಅಥವಾ ತಾಲೂಕು, ಜಿಲ್ಲೆ, ರಾಜ್ಯ ಹೇಳಬೇಕು, ಅಳು ಆಮೇಲೆ. ಗಂಡ ಫೋನ್ ತೆಗೆದು ನೋಡುವವನಾದರೆ ಕರೆಯ ಪಟ್ಟಿಯಿಂದ ಆ ನಂಬರ್ ಅಳಿಸಬೇಕು.

ರಾತ್ರಿ ಹೋಗಲು ಜಾಗವೇ ಇಲ್ಲದವರಿಗೆ ಸಖಿ ಕೇಂದ್ರಗಳಿವೆ. ಕೇಂದ್ರ ಸರ್ಕಾರದ ಈ ಯೋಜನೆ 2015ರ ಏಪ್ರಿಲ್ 1ರಿಂದ ಇದ್ದು, ಜಿಲ್ಲೆಗೆ ಒಂದರಂತೆ ಕೇಂದ್ರ ಎಂಬುದು ಅದರ ಲೆಕ್ಕ. ಐದು ದಿನದವರೆಗೆ ಆಸರೆ, ಆಸ್ಪತ್ರೆ, ವಕೀಲರು, ಪೊಲೀಸ್ ನೆರವು, ಆಪ್ತ ಸಲಹೆ ಒಂದೇ ಕಡೆ. 181ಕ್ಕೆ ಹೇಳಿದರೂ ಅಲ್ಲಿಗೆ ಕಳಿಸುತ್ತಾರೆ.

ನೆರೆಮನೆಯ ಬಾಗಿಲು

2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಮದುವೆಯಾದ 18ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಗಂಡನಿಂದ ಹಿಂಸೆ ಕಂಡವರು ಕರ್ನಾಟಕದಲ್ಲಿ ನೂರಕ್ಕೆ 44.4, ತೆಲಂಗಾಣದಲ್ಲಿ 36.9. ಕರ್ನಾಟಕದಲ್ಲಿ ಹಿಂದಿನ ಸಮೀಕ್ಷೆಯಲ್ಲಿ ಇದು 20.6 ಇತ್ತು. ಹಿಂಸೆಯೇ ಇಮ್ಮಡಿಯಾಯಿತೋ, ಹೇಳುವ ಬಾಯಿ ತೆರೆಯಿತೋ, ಅಂಕಿ ಒಂದೇ ನೋಡಿ ತೀರ್ಮಾನಿಸಲಾಗದು. ದೇಶದ ಮಟ್ಟದಲ್ಲಿ ಹಿಂಸೆ ಕಂಡವರ ಪೈಕಿ ಯಾರಲ್ಲಾದರೂ ನೆರವು ಕೇಳಿದವರು ನೂರಕ್ಕೆ 14 ಮಾತ್ರ. ಉಳಿದ 86 ಮಂದಿಯ ಕೂಗು ಕೇಳಿಸಿದ್ದು ಪಕ್ಕದ ಮನೆಗೆ.

ಆ ಪಕ್ಕದ ಮನೆಯವರಿಗೂ ಕಾಯ್ದೆಯಲ್ಲಿ ಒಂದು ಕಲಮು ಇದೆ, ನಾಲ್ಕನೆಯದು. ಹಿಂಸೆ ನಡೆದಿದೆ ಇಲ್ಲವೇ ನಡೆಯಲಿದೆ ಎಂದು ನಂಬಲು ಕಾರಣ ಇರುವ ಯಾರಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸು ಹಾಕಲು ಬರುವುದಿಲ್ಲ. ‘ಗಂಡ ಹೆಂಡಿರ ಜಗಳ, ನಮಗ್ಯಾಕೆ ಉಸಾಬರಿ’ ಎನ್ನುವವರು ನಾಳೆ ಠಾಣೆ ಕೋರ್ಟು ಅಲೆಯಬೇಕಾದೀತು ಎಂಬ ಹೆದರಿಕೆಯಿಂದ ಹಾಗೆನ್ನುತ್ತಾರೆ. ಆ ಹೆದರಿಕೆಗೆ ಉತ್ತರ ಕಾಯ್ದೆಯಲ್ಲೇ ಇದೆ. ಅಂಗನವಾಡಿ ಟೀಚರು, ಆಶಾ, ಸ್ವಸಹಾಯ ಸಂಘದ ಲೀಡರು, ಶಾಲೆಯ ಮೇಷ್ಟ್ರು, ಸರಪಂಚರು, ಯಾರಾದರೂ ಸರಿ.

ಈ ಸೀಮೆಗೆ ಇದು ಹೊಸದೂ ಅಲ್ಲ. 1989ರಲ್ಲಿ ಕರ್ನಾಟಕದಲ್ಲಿ ಶುರುವಾದ ಮಹಿಳಾ ಸಮಖ್ಯಾದ ಮೊದಲ ಜಿಲ್ಲೆಗಳಲ್ಲಿ ಬೀದರ್ ಒಂದು. 1993ರಲ್ಲಿ ಆಂಧ್ರದಲ್ಲಿ ಮಹಿಳಾ ಸಮತಾ ಎಂಬ ಹೆಸರಿನಲ್ಲಿ ಅದು ಕಾಲಿಟ್ಟ ಜಿಲ್ಲೆಗಳಲ್ಲಿ ಆಗಿನ ಮೆದಕ್ ಇತ್ತು, ಜಹೀರಾಬಾದ್ ನಾರಾಯಣಖೇಡ್ ಆಗ ಅದರಲ್ಲೇ ಇದ್ದವು. ಹತ್ತು ಹೆಂಗಸರು ಕೂಡಿ ಹೊಡೆದವನ ಮನೆ ಮುಂದೆ ಹೋಗಿ ಕುಳಿತರೆ ಏನಾಗುತ್ತದೆ ಎಂದು ಆ ಸಂಘಗಳು ತೋರಿಸಿದ್ದವು. 2016ರಲ್ಲಿ ಕೇಂದ್ರ ಆ ಕಾರ್ಯಕ್ರಮ ಮುಗಿಸಿತು. ಸಂಘದ ಹೆಂಗಸರು ಊರುಗಳಲ್ಲಿ ಇನ್ನೂ ಇದ್ದಾರೆ, ಸಾಲದ ಕಂತಿನ ಸಭೆಗೆ ವಾರ ವಾರ ಕೂಡುತ್ತಲೂ ಇದ್ದಾರೆ. ಆ ಸಭೆಯಲ್ಲಿ ಕಂತಿನ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ಈ ಕಾಯ್ದೆಯ 17, 19 ಮತ್ತು 27ನೇ ಕಲಮುಗಳನ್ನು ಕನ್ನಡದಲ್ಲೋ ತೆಲುಗಿನಲ್ಲೋ ಓದಿ ಹೇಳಲು ಯಾವ ಇಲಾಖೆಯ ಅಪ್ಪಣೆಯೂ ಬೇಕಿಲ್ಲ.